ಸುಣ್ಣದ ಕಲ್ಲು ಇಟ್ಟ ಯಜಮಾನರು

ಮೊಮ್ಮಗಳು ಈ ಹೊತ್ತು ಬೆಳಿಗ್ಗೆ ಬೋರಲು ಬಿದ್ದಳು. ಯಾರೂ ಹಿಡಿಯಲಿಲ್ಲ, ಯಾರೂ ಹೊರಳಿಸಲಿಲ್ಲ, ತಾನಾಗಿಯೇ ಬಿದ್ದಳು. ಬಿದ್ದವಳು ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಮನೆಯಲ್ಲಿ ಬೆಲ್ಲ ಹಂಚಿದೆ, ಓಣಿಯಲ್ಲಿ ಹಂಚಿದೆ, ಸಾಲದೆ ಕೌಲ್ ಬಜಾರಿನ ಮೂಲೆಯಲ್ಲಿ ಗುರುತಿಲ್ಲದ ಒಬ್ಬ ಬಂಡಿಯವನ ಕೈಗೂ ಒಂದು ಚೂರು ಇಟ್ಟೆ. "ಯಾವ ಹಬ್ಬರೀ ಇದು?" ಎಂದ. "ಬೋರಲು ಬಿದ್ದಾಳಪ!" ಎಂದೆ. ಅವನಿಗೆ ಏನು ತಿಳಿಯಿತೋ, ಬೆಲ್ಲ ಬಾಯಿಗೆ ಹಾಕಿಕೊಂಡು ಎತ್ತು ಹೊಡೆದುಕೊಂಡು ಹೋದ.

ಇಂಥ ದಿನ ಸತ್ತವರ ಮಾತು ಬರೆಯಬಾರದು ಎಂದು ನಮ್ಮ ಮನೆಯವಳು ಗೊಣಗುತ್ತಿದ್ದಾಳೆ. ಬರೆಯದೆ ನಾನೇನು ಮಾಡಲಿ? ದೀಪಾವಳಿಗೆ ಇವಳು ಹುಟ್ಟಿದಳು, ಶಿವರಾತ್ರಿ ಕಳೆದ ಮೂರನೆಯ ದಿನ ಕುರುಗೋಡಿನಲ್ಲಿ ಯಜಮಾನರು ಹೋದರು. ಎರಡೂ ಸುದ್ದಿ ನನ್ನ ತಲೆಯಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಕೂಸನ್ನು ಎತ್ತಿಕೊಂಡು ನಗುತ್ತಿರುವಾಗ ಅವರ ಮುಖ ಬರುತ್ತದೆ. ಅವರನ್ನು ನೆನೆದು ಕಣ್ಣೊರೆಸಿಕೊಳ್ಳುವಾಗ ಕೂಸು ಕೇಕೆ ಹಾಕುತ್ತದೆ. ನನಗೆ ಬಂದದ್ದು ಸಿರುಗುಪ್ಪೆಯ ಅಯ್ಯನವರ ಮಠದಲ್ಲಿ ಎರಡು ಮಳೆಗಾಲ ಮರಳಿನ ಮೇಲೆ ಬೆರಳಾಡಿಸಿ ಕಲಿತ ನಾಲ್ಕು ಅಕ್ಷರ. ಅಷ್ಟರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಬರೆಯುತ್ತೇನೆ.

ಅವರು ಬಳ್ಳಾರಿ ದಂಡಿನ ಸರ್ಕಾರಿ ತೋಟದಲ್ಲಿ ಮಾಲಿಗಳ ಯಜಮಾನರು. ನಾನು ಅದೇ ತೋಟದಲ್ಲಿ ಕಪಿಲೆ ಹೊಡೆಯುವವನು. ನನ್ನ ಎತ್ತು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನಿ ಬಾವಿಯಿಂದ ಮೇಲೆ ಬರುತ್ತಿತ್ತು, ನೀರು ತೊಟ್ಟಿಗೆ ಬಿದ್ದು ಕಾಲುವೆ ಹಿಡಿದು ಗುಲಾಬಿ ಮಡಿಗಳಿಗೆ ಹೋಗುತ್ತಿತ್ತು. ಅಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಎಲ್ಲರಿಗೂ ಯಜಮಾನ್ರು. ನಾನೂ ಹಾಗೆಯೇ ಬರೆಯುತ್ತೇನೆ. ಅವರು ನನ್ನನ್ನು ಊರಿನ ಹೆಸರಿನಿಂದ ಕೂಗುತ್ತಿದ್ದರು: "ಲೇ ಸಿರುಗುಪ್ಪಿ!"

ತೋಟದ ಹಿಂಭಾಗ ಗುಡ್ಡದ ಕಡೆಗೆ ಹುಣಸೆ, ಹೊಂಗೆ, ಬೇವು ಒತ್ತಾಗಿ ಬೆಳೆದು ಒಂದು ಸಣ್ಣ ಅಡವಿಯೇ ಆಗಿತ್ತು. ದಂಡಿನ ಬಿಳಿ ದೊರೆಗಳು ಸಂಜೆ ತಿರುಗಾಡಲೆಂದು ಅದರೊಳಗೆ ಕಾಲುದಾರಿಗಳನ್ನು ಮಾಡಿಸಿದ್ದರು. ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಕಚ್ಚದ ದಿನಗಳಲ್ಲಿ, ಅಂದರೆ ಶಿವರಾತ್ರಿಯಿಂದ ಯುಗಾದಿಯವರೆಗೆ, ಯಜಮಾನರು ಆ ದಾರಿಗಳಲ್ಲಿ ಕೈ ಹಿಂದೆ ಕಟ್ಟಿಕೊಂಡು, ತಲೆ ಬಗ್ಗಿಸಿಕೊಂಡು, ಹೆಜ್ಜೆಗೊಮ್ಮೆ ನಿಂತು ನಡೆಯುತ್ತಿದ್ದರು. ಹೊಸಬರು ಯಾರಾದರೂ ನೋಡಿದರೆ ಕೇಳುತ್ತಿದ್ದರು:

"ಏನು ಕಳಕೊಂಡೀರಿ ಯಜಮಾನ್ರ?"

"ಸಿಗಲಿ ತಡಿಯಪ. ಸಿಕ್ಕ ಮ್ಯಾಲ ಹೇಳತೀನಿ ಏನು ಕಳಕೊಂಡಿದ್ದೆ ಅಂತ."

ಅವರು ಹುಡುಕುತ್ತಿದ್ದದ್ದು ಹೂವು. ಯಾರೂ ನೆಡದ, ಯಾರೂ ನೀರು ಹಾಕದ, ದಾರಿಯ ಅಂಚಿನಲ್ಲಿ ತಾವಾಗಿಯೇ ಬರುವ ಹೂವು. ನೆಲಕ್ಕೆ ಅಂಟಿಕೊಂಡ ನೆಲಗುಳ್ಳದ ನೇರಳೆ ಹೂವು, ಮುಳ್ಳುಗೋರಂಟಿಯ ಹಳದಿ, ಕಲ್ಲಿನ ಸಂದಿಯ ತುಂಬೆ, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ ವಿಷ್ಣುಕ್ರಾಂತಿಯ ನೀಲಿ. ವರ್ಷದ ಮೊದಲ ಹೂವು ಕಂಡರೆ ಕುಕ್ಕರಗಾಲಿನಲ್ಲಿ ಕೂತು ಮಾತಾಡಿಸುತ್ತಿದ್ದರು. ನಮಗೆಲ್ಲ ಲೇ, ಗೀಲೇ. ಹೂವಿಗೆ ಮಾತ್ರ ಬಹುವಚನ.

"ಬಂದ್ರೇನ್ರಿ? ಯಾವಾಗ ಬಂದ್ರಿ? ಹೋದ ವರ್ಷ ಆ ಕಡೀಗೆ ಇದ್ರಿ, ಈ ವರ್ಷ ಈ ಕಡೀಗೆ ಬಂದೀರಿ!"

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೆಳಗಿನಿಂದ ಎತ್ತಿನ ಹಿಂದೆ ಏರಿಳಿದು ನೀರೆತ್ತುವವನು ನಾನು. ಈ ಮನುಷ್ಯ ನನ್ನ ನೀರು ಮುಟ್ಟದ ಹೂವಿಗೆ ಹೀಗೆ ಕೈಮುಗಿಯುತ್ತಾನಲ್ಲ! ಒಮ್ಮೆ ಕೇಳಿಯೇಬಿಟ್ಟೆ.

"ನಾ ನೀರು ಹಾಕಿದ ಗುಲಾಬಿ ಹೂವಲ್ಲೇನ್ರಿ?"

"ಹೂವ ಐತಿ. ಆದ್ರ ಅದು ಸರ್ಕಾರದ ನೌಕರಿ ಮಾಡೋ ಹೂವಲೇ, ನನ್ನಂಗ, ನಿನ್ನಂಗ. ಹೇಳಿದಾಗ ಬರತೈತಿ. ಇವರು ಯಾರ ಮಾತೂ ಕೇಳಂಗಿಲ್ಲ."

ಆ ವರ್ಷ ನನಗೂ ತೋರಿಸುತ್ತೇನೆ ಎಂದು ಒಂದು ದಿನ ಮಧ್ಯಾಹ್ನ ಕರೆದುಕೊಂಡು ಹೋದರು. ಹೊಂಗೆಯ ಕೆಳಗೆ ಇಬ್ಬರೂ ಮೊಣಕಾಲೂರಿ ಕೂತೆವು. ನಾನು ಅಂಗೈ ಅಗಲ ನೆಲವನ್ನೂ ಬಿಡದೆ ನೋಡಿದೆ. ಏನೂ ಕಾಣಲಿಲ್ಲ.

"ಎಲ್ಲೈತ್ರಿ ನಿಮ್ಮ ವಿಷ್ಣುಕ್ರಾಂತಿ?"

ಅವರು ನನ್ನ ಕಾಲಿನ ಕಡೆ ನೋಡಿದರು. ಆಮೇಲೆ ಹೇಳಿದರು: "ನಿನ್ನ ಮೊಣಕಾಲಿನ ಕೆಳಗ."

ಮೂರು ದಿನ ನನ್ನ ಕೂಡ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದವರ ಕೈಯಲ್ಲಿ ಸುಣ್ಣದ ಗಡಿಗೆ ಇತ್ತು. ಮರದ ಬುಡಕ್ಕೆ ಸುಣ್ಣ ಹೊಡೆಸುವುದು ದಂಡಿನವರ ಪದ್ಧತಿ, ಅದರಲ್ಲಿ ಉಳಿದದ್ದು. ಮುಷ್ಟಿಯಷ್ಟು ಕಲ್ಲುಗಳನ್ನು ಆರಿಸಿ, ಸುಣ್ಣದಲ್ಲಿ ಅದ್ದಿ, ಒಂದೊಂದು ಹೂವಿನ ಸುತ್ತಲೂ ಇಡತೊಡಗಿದರು. ಯಾರ ಕಾಲೂ ಬೀಳಬಾರದು, ಕಸಬರಿಗೆಯೂ ತಾಗಬಾರದು ಎಂದು.

"ಎಷ್ಟು ಕಲ್ಲು ಇಡತೀರಿ ಒಂದಕ್ಕ?" ಎಂದೆ.

"ಅದನ್ನ ಬಾಳ ಇಚಾರ ಮಾಡೀನಿ. ಒಂದ ಇಟ್ಟರ ಎಡವತಾರ. ಎರಡ ಇಟ್ಟರ ಬಾಗಲಾ ಅಂತ ನಡುವ ನಡೀತಾರ. ಮೂರ ಇಟ್ಟರ ಒಲಿ ಅಂತ ಬೆಂಕಿ ಹಾಕ್ತಾರ. ನಾಕ ಇಟ್ಟರ ಯಾರದೋ ಜಾಗಾ ಅಂತ ಜಗಳಾ ಹೂಡ್ತಾರ. ಐದ ಇಡೂಣು."

ಇಷ್ಟೆಲ್ಲ ವಿಚಾರ ಮಾಡಿದ ಮನುಷ್ಯನಿಗೆ ಎಳ್ಳಮಾವಾಸ್ಯೆ ನೆನಪಾಗಲಿಲ್ಲವಲ್ಲ! ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಪ್ರತಿ ಹೊಲದಲ್ಲೂ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರು ಎಂದು ಪೂಜೆ ಮಾಡುತ್ತಾರೆ. ಮಾರನೆಯ ದಿನ ಬೆಳಿಗ್ಗೆ ಕಸ ಹೊಡೆಯುವ ಹೆಂಗಸರು ಬಂದರು. ಅವರ ಹಿರಿಯಳು, ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದ ಮುದುಕಿ, ಮೊದಲನೆಯ ಐದು ಕಲ್ಲು ಕಂಡವಳೇ ಕಸಬರಿಗೆ ಅಲ್ಲಿಯೇ ಬಿಟ್ಟು ಕೈಮುಗಿದಳು. ಮಧ್ಯಾಹ್ನಕ್ಕೆ ಕುಂಕುಮ ಬಂತು. ಮರುದಿನ ಎಣ್ಣೆ ಬಂತು, ತೆಂಗಿನಕಾಯಿ ಬಂತು. ದರ್ಶನಕ್ಕೆ ಬಂದವರ ಕಾಲಿನಲ್ಲಿ ಎರಡು ಗಿಡ ನೆಲಕ್ಕೆ ಹತ್ತಿದವು.

ಯಜಮಾನರು ತಲೆಯ ಮೇಲೆ ಕೈ ಹೊತ್ತು ಓಡಿ ಬಂದರು.

"ದೊಡ್ಡವ್ವ, ಇದು ದೇವರಲ್ಲ. ಹೂವಿನ ಗಿಡ ತುಳೀಬಾರ್ದಂತ ನಾನ ಇಟ್ಟೀನಿ."

"ನೀ ಇಟ್ಟೀ ಖರೆ. ನಿನ್ನ ಕೈಲೆ ಐದ ಯಾಕ ಇಡಿಸಿದ ಅಂವ? ಆರ ಯಾಕ ಇಡಿಸಲಿಲ್ಲ?"

ಯಜಮಾನರು ಅಂದು ಸಂಜೆ ಪ್ರತಿ ಜಾಗದಿಂದಲೂ ಒಂದೊಂದು ಕಲ್ಲು ತೆಗೆದು ನಾಲ್ಕು ಮಾಡಿದರು. ಬೆಳಿಗ್ಗೆ ನೋಡಿದರೆ ಯಾರೋ ಐದನೆಯದನ್ನು ತಂದಿಟ್ಟಿದ್ದಾರೆ, ಸುಣ್ಣ ಸಮೇತ. ಹಾಗಾದರೆ ಇರಲಿ ಎಂದು ಆರು ಮಾಡಿದರು. ದೊಡ್ಡವ್ವ ಬಂದು ಎಣಿಸಿ ನೋಡಿ ಗಲ್ಲ ಗಲ್ಲ ಬಡಿದುಕೊಂಡಳು.

"ದ್ರೌಪದವ್ವ! ಇಷ್ಟು ದಿನಾ ಆಕೀನ ಮರೆತಿದ್ದಿವಿ ನೋಡು ಯಪ್ಪಾ. ನೀನ ನೆನಪು ಮಾಡಿದಿ."

ಅಂದಿನಿಂದ ಆರನೆಯ ಕಲ್ಲಿಗೆ ಅರಿಶಿನ, ಬಳೆಚೂರು. ನಾನು ಎತ್ತು ಬಿಟ್ಟು ಹೊಟ್ಟೆ ಹಿಡಿದು ನಕ್ಕೆ. ಯಜಮಾನರೂ ನಕ್ಕರು. ನಗುತ್ತ ನಗುತ್ತ ನಿಲ್ಲಿಸಿ, "ಅಲ್ಲಲೇ, ನಾ ಆರ ಯಾಕ ಇಟ್ಟೆ? ಏಳ ಇಡಬಹುದಿತ್ತಲ್ಲ?" ಎಂದರು. ಆ ಪ್ರಶ್ನೆ ಅವರನ್ನು ಬಿಡಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

(ಒಂದು ಗಳಿಗೆ ಎದ್ದು ಹೋಗಿದ್ದೆ. ಕೂಸು ಮತ್ತೆ ಬೋರಲು ಬಿತ್ತು. ಎರಡನೆಯ ಸಲ! ಈ ಸಲ ಕೈ ಒಳಗೆ ಸಿಕ್ಕಿಕೊಂಡು ಅತ್ತಿತು. ಅಳುವುದೂ ಎಷ್ಟು ಚೆನ್ನ!)

ತೋಟ ನೋಡಿಕೊಳ್ಳುವ ದೊರೆ ಒಬ್ಬ ಇದ್ದ. ಅವನು ಪ್ರತಿ ಸೋಮವಾರ ಬೆತ್ತ ತಿರುಗಿಸುತ್ತ ಬರುತ್ತಿದ್ದ. ತೆಲುಗು ಸೀಮೆಯಲ್ಲಿ ಇದ್ದು ಬಂದವನಾದ್ದರಿಂದ ಅವನಿಗೆ ಬರುತ್ತಿದ್ದದ್ದು ಅರ್ಧಂಬರ್ಧ ತೆಲುಗು. ಕಾಲುದಾರಿಯ ತುಂಬ ಕುಂಕುಮ, ಕಾಯಿಚಿಪ್ಪು ಕಂಡು ಕೆಂಪಾದ.

"ಏಮಿ ಇದಿ? ತೋಟನಾ, ಗುಡಿನಾ?"

ಯುಗಾದಿಗೆ ಮುಂಚೆ ದೊಡ್ಡ ದೊರೆ ತೋಟ ನೋಡಲು ಬರುವವನಿದ್ದ. ಮುಂದಿನ ಸೋಮವಾರದೊಳಗೆ ಒಂದು ಬಿಳಿ ಕಲ್ಲು ದಾರಿಯಲ್ಲಿ ಕಂಡರೂ ಯಜಮಾನರು ಗಂಟುಮೂಟೆ ಕಟ್ಟಬೇಕು ಎಂದು ಹೇಳಿ ಹೋದ. ಯಜಮಾನರಿಗೆ ತೋಟದೊಳಗೇ ಒಂದು ಹಂಚಿನ ಮನೆ, ಹೆಂಡತಿ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಹರೆಯದಲ್ಲಿ ಬಂದು ಅಲ್ಲಿಯೇ ತಲೆ ನರೆತವರು. ಹುಟ್ಟೂರು ಕುರುಗೋಡಿನಲ್ಲಿ ಹೊಲವಿರಲಿಲ್ಲ, ಕಲ್ಲುಗುಡ್ಡದ ಬುಡದಲ್ಲಿ ಒಂದು ಮುರುಕು ಮನೆ ಇತ್ತು, ಅಷ್ಟೇ.

ಸೋಮವಾರ ಹತ್ತಿರ ಬಂತು, ಕಲ್ಲು ಹಾಗೆಯೇ ಇದ್ದವು. ಶನಿವಾರ ಅವರು ನನ್ನ ಬಾವಿಯ ಕಟ್ಟೆಗೆ ಬಂದು ಕೂತರು.

"ತಗದು ಒಗೀರಿ ಯಜಮಾನ್ರ. ನೀವ ಇಟ್ಟಿದ್ದಲ್ಲೇನು?"

"ಇಟ್ಟಾಗ ಕಲ್ಲಿದ್ವು. ಈಗ ಕೈ ಬರವಲ್ದು. ಬಗ್ಗತೀನಿ, ಎದ್ದು ಬರತೀನಿ."

"ನೌಕರಿ ಹೋಗತೈತ್ರಿ."

"ಗೊತ್ತೈತಿ." ಅಂಗೈ ನೋಡಿಕೊಂಡರು. "ದೇವರಾದ್ರ ಮುಟ್ಟಬಾರ್ದು. ಕಲ್ಲಾದ್ರ ತಗೀಬೇಕು. ಯಾವುದಂತ ಯಾರರೆ ಹೇಳಿದ್ರ ಆಕ್ಕಿತ್ತು."

ಮರುದಿನ ಭಾನುವಾರ, ನಡುಮಧ್ಯಾಹ್ನ. ಎಲ್ಲರೂ ಹುಣಸೆಯ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಎತ್ತಿಗೆ ಮೇವು ಹಾಕಿ, ಬುಟ್ಟಿ ತೆಗೆದುಕೊಂಡು ಕಾಲುದಾರಿಗೆ ಹೋದೆ. ಎಂಟು ಜಾಗ. ಎಂಟಾರಲಿ ನಲವತ್ತೆಂಟು ಕಲ್ಲು. ಮೂರು ಸಲ ಹೊತ್ತು ತಂದು ಬಾವಿಗೆ ಹಾಕಿದೆ. ಗಣಪನನ್ನು ನೀರಿಗೆ ಬಿಡುತ್ತೇವಲ್ಲ, ಇವರನ್ನೂ ಬಿಟ್ಟರೆ ತಪ್ಪೇನು ಎಂದು ನನ್ನ ಲೆಕ್ಕ. ಒಂದೊಂದೂ ಬುಳುಕ್ ಎಂದು ಮುಳುಗುವಾಗ ತಪ್ಪಾಯಿತಪ್ಪ ಎಂದು ಗಲ್ಲ ಬಡಿದುಕೊಂಡೆ. ಕುಂಕುಮದ ಮೇಲೆ ಎಲೆ ಎಳೆದೆ. ಕೈ ತೊಳೆದುಕೊಂಡು ಎತ್ತು ಹೂಡಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದರೆ ಅವರೂ ಪಾಪದಲ್ಲಿ ಪಾಲುದಾರರಾಗುತ್ತಾರೆ, ಗೊತ್ತಿಲ್ಲದಿದ್ದರೆ ಹಗುರವಾಗಿರುತ್ತಾರೆ ಎಂದುಕೊಂಡೆ.

ಸೋಮವಾರ ದೊರೆ ಬಂದ, ದಾರಿ ನೋಡಿದ, "ಬಾಗುಂದಿ, ಬಾಗುಂದಿ" ಎಂದ, ಹೋದ. ನೌಕರಿ ಉಳಿಯಿತು. ನನಗೆ ಕುಣಿಯುವಷ್ಟು ಖುಷಿ.

ಯಜಮಾನರು ಮಾತ್ರ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ದೊಡ್ಡವ್ವ ಎದುರಾದಾಗ ಮೆಲ್ಲಗೆ ಕೇಳಿದರು, "ನೀವೇನರೆ ತಗದ್ರೇನು?" ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಾವು ತಗೀತೀವೇನು ಯಪ್ಪಾ? ಎದ್ದು ಹೋಗ್ಯಾರ. ಐದಿದ್ದವರನ್ನ ನಾಕ ಮಾಡಿದಿ, ಆರ ಮಾಡಿದಿ. ಮರ್ಯಾದಿ ಇದ್ದವರು ಇರತಾರೇನು?"

ಹಾಗೆ ಹೇಳಿದವಳು ಮರುದಿನ ಮರೆತಳು. ಇವರು ಮರೆಯಲಿಲ್ಲ. ನಾನು ಎರಡು ಮೂರು ಸಲ ಹೇಳಲು ಹೋಗಿ ನುಂಗಿಕೊಂಡೆ. ಇನ್ನು ಸ್ವಲ್ಪ ದಿನಕ್ಕೆ ಸರಿಹೋಗುತ್ತಾರೆ ಎಂದುಕೊಂಡೆ. ಯುಗಾದಿಯ ಬೇವುಬೆಲ್ಲ ತಿಂದ ಮರುದಿನ ಮನೆಯ ಮುಂದೆ ಬಂಡಿ ನಿಂತಿತ್ತು. ಯಾರೂ ತೆಗೆಯದ ನೌಕರಿಯನ್ನು ತಾವಾಗಿಯೇ ಬಿಟ್ಟಿದ್ದರು.

"ಯಾಕ್ರಿ ಯಜಮಾನ್ರ? ದೊರಿ ಚಲೋ ಅಂದಾನಲ್ಲ?"

"ಅವರು ಎದ್ದು ಹೋದ ತೋಟದಾಗ ನಾ ಕುಂತು ಏನು ಮಾಡ್ಲೋ, ಸಿರುಗುಪ್ಪಿ?"

ಆಗಲಾದರೂ ಬಾಯಿ ಬಿಡಬೇಕಿತ್ತು. ಬಂಡಿಯಲ್ಲಿ ಹೆಣ್ಣುಮಕ್ಕಳು ಅಳುತ್ತಿದ್ದರು, ಅವರ ತಾಯಿ ಗಡಿಗೆ ಒಡೆಯದಂತೆ ಹಿಡಿದುಕೊಂಡು ಯಾರ ಮುಖವನ್ನೂ ನೋಡದೆ ಕೂತಿದ್ದರು. ನಾನು ಎತ್ತಿನ ಕೊರಳು ತುರಿಸುತ್ತ ನಿಂತೆ. ಯಾವ ನೌಕರಿ ಉಳಿಯಲಿ ಎಂದು ಕಲ್ಲು ಹೊತ್ತೆನೋ ಅದು ನಾನು ಹೊತ್ತದ್ದರಿಂದಲೇ ಹೋಯಿತು. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಆಮೇಲೆ ಅವರು ಕುರುಗೋಡಿನಲ್ಲಿ ಅವರಿವರ ಹಿತ್ತಲು ಅಗೆದು, ಬದನೆ ಸಸಿ ಮಾಡಿ ಮಾರಿ, ಹೇಗೋ ಮಕ್ಕಳ ಮದುವೆ ಮಾಡಿದರು. ವರ್ಷಕ್ಕೊಮ್ಮೆ ಸಂತೆಯಲ್ಲಿ ಕಂಡರೆ "ಲೇ ಸಿರುಗುಪ್ಪಿ" ಎಂದು ಕೂಗುತ್ತಿದ್ದರು. ನಾನು ಕೇಳದವನ ಹಾಗೆ ಹೋಗಿದ್ದೂ ಉಂಟು.

ಈಗ ಸಂತೋಷದ ಮಾತು. ನನ್ನ ಮಗನಿಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ. ಸೊಸೆಯ ತವರು ಸಿರುಗುಪ್ಪೆಯೇ. ದೀಪಾವಳಿಗೆ ಅಲ್ಲಿ ಹೆಣ್ಣು ಕೂಸು ಹುಟ್ಟಿತು. ಸಂಕ್ರಾಂತಿಗೆ ಹೋಗಿ ನೋಡಿದೆ. ನನ್ನ ಬೆರಳು ಹಿಡಿದುಕೊಂಡಿತು, ಬಿಡಲೇ ಇಲ್ಲ. ಬಿಡಿಸಿಕೊಂಡು ಬಳ್ಳಾರಿಗೆ ತಿರುಗುವಾಗ ಮೈಯೆಲ್ಲ ಸಕ್ಕರೆಯಾಗಿತ್ತು. ಇಷ್ಟು ಸುಖ ಒಳಗೆ ತುಂಬಿದ ಮೇಲೆ ಆ ನಲವತ್ತೆಂಟು ಕಲ್ಲು ಒಳಗೆ ಹಿಡಿಯಲಿಲ್ಲ. ಬಂಡಿಯನ್ನು ಕುರುಗೋಡಿನಲ್ಲಿ ನಿಲ್ಲಿಸಿ ಅವರ ಮನೆಗೆ ಹೋದೆ.

ಮುದಿಯಾಗಿದ್ದರು, ಆದರೆ ಖುಷಿಯಾಗಿದ್ದರು. ಬಾಯಿಗೆ ಸಕ್ಕರೆ ಹಾಕಿದೆ. ಕೈಹಿಡಿದು ಮನೆಯ ಹಿಂದೆ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಬಂಡೆಗಳ ನಡುವೆ ಅಲ್ಲಲ್ಲಿ ಐದೈದು ಸುಣ್ಣದ ಕಲ್ಲು. ಒಳಗೆ ಎಳೆಯ ನೆಲಗುಳ್ಳ, ತುಂಬೆ.

"ಎದ್ದು ಹೋದವರು ಎಲ್ಲಿಗೆ ಹೋಗ್ಯಾರು? ಯಾರೂ ನೀರು ಹಾಕದ ಹೂವು ಎಲ್ಲಿ ಮೊದಲು ಬರತೈತೋ ಅಲ್ಲೇ ಕುಂತಿರತಾರ. ಹುಡುಕಿ ಹುಡುಕಿ ಕಲ್ಲು ಇಡತೀನಿ. ಈಗ ಊರಿನ ಒಂದು ಕುರೀನೂ ಇಲ್ಲಿ ಬಾಯಿ ಹಾಕಂಗಿಲ್ಲ, ಹೊಡಕೊಂಡು ಹೋಗ್ತಾರ."

ನಾನು ಅಲ್ಲಿಯೇ ಕೂತು ಎಲ್ಲವನ್ನೂ ಹೇಳಿದೆ. ಬುಟ್ಟಿ, ಬಾವಿ, ಎಲ್ಲ. ಅವರ ಹೆಂಡತಿ ಹಿತ್ತಲ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದರು.

ಯಜಮಾನರು ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡಿದರು.

"ಎಷ್ಟು ಕಡೆ ತಗದಿ?"

"ಎಂಟು ಕಡೆ."

"ಒಂಬತ್ತಿದ್ವಲೇ!" ಎಂದು ತೊಡೆ ತಟ್ಟಿ ನಕ್ಕರು. "ಗುಡ್ಡದ ಕಡೀ ಬೇವಿನ ಹಿಂದ ಒಂದಿತ್ತು, ಯಾರಿಗೂ ತೋರಿಸಿದ್ದಿಲ್ಲ. ಅದೂ ಖಾಲಿ ಆಗಿತ್ತು. ಅದನ್ನ ಯಾರು ಹೊತ್ತರು, ನಿಮ್ಮಪ್ಪನೇನು? ಮೊಮ್ಮಗಳು ಹುಟ್ಯಾಳಂತ ತಲಿ ತಿರುಗೇತಿ ನಿನಗ."

ಒಂಬತ್ತನೆಯದು ನನಗೆ ಗೊತ್ತಿರಲಿಲ್ಲ. ಇತ್ತೋ ಇಲ್ಲವೋ, ಇದ್ದರೆ ಯಾರು ತೆಗೆದರೋ, ನನಗೆ ಈಗಲೂ ಗೊತ್ತಿಲ್ಲ. ಆದರೂ ವಾದ ಮಾಡಬಹುದಿತ್ತು. ಬಾವಿಯ ಹೂಳು ತೆಗೆಸಿದರೆ ಕಲ್ಲು ಸಿಗುತ್ತವೆ, ಬಂದು ನೋಡಿ ಎನ್ನಬಹುದಿತ್ತು. ಅಷ್ಟರಲ್ಲಿ ಬಾಗಿಲ ಕಡೆ ನೋಡಿದೆ. ಅವರ ಹೆಂಡತಿ ನಗುತ್ತಿರಲಿಲ್ಲ. ನನ್ನ ಮಾತು ಅವರ ಕಿವಿಗೆ ನಿಜವಾಗಿಯೇ ಬಿದ್ದಿತ್ತು. ಹಂಚಿನ ಮನೆ ಬಿಟ್ಟದ್ದು, ಬಂಡಿ ಹತ್ತಿದ್ದು, ಬದನೆ ಸಸಿ ಮಾರಿದ್ದು, ಎಲ್ಲವೂ ಒಬ್ಬ ಕಪಿಲೆಯವನ ಒಂದು ಮಧ್ಯಾಹ್ನದ ಕೆಲಸಕ್ಕೆ ಎಂದು ಅವರಿಗೆ ತಿಳಿಯಿತು. ಅವರು ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ತಲೆಯನ್ನು ಒಂದೇ ಒಂದು ಸಲ ಅಡ್ಡ ಆಡಿಸಿದರು.

"ಸುಳ್ಳಲ್ಲೇನಲೇ? ಹೇಳು!" ಯಜಮಾನರು ನನ್ನ ಭುಜ ಅಲುಗಾಡಿಸಿದರು.

"ಹೌದ್ರಿ," ಎಂದೆ. "ಸುಳ್ಳು."

"ನನಗ ಗೊತ್ತಿಲ್ಲೇನು! ಇನ್ನೊಮ್ಮೆ ಬರೋವಾಗ ಚಲೋ ಸುಳ್ಳು ತಗೊಂಡು ಬಾ. ಇದು ಬಾಳ ಹಗುರಾತು."

ಶಿವರಾತ್ರಿ ಕಳೆದ ಮೂರನೆಯ ದಿನ ಗುಡ್ಡದ ಬುಡದಲ್ಲಿಯೇ, ಯಾವುದೋ ಹೊಸ ಹೂವಿಗೆ ಬಗ್ಗಿದವರು ಏಳಲಿಲ್ಲವಂತೆ.

ಹನ್ನೊಂದನೆಯ ದಿನದ ಊಟಕ್ಕೆ ಕುರುಗೋಡಿಗೆ ಹೋದೆ. ಮನೆಯ ಮುಂದೆ ಎರಡು ಸಾಲು ಪಂಕ್ತಿ. ನನ್ನ ಪಕ್ಕದಲ್ಲಿ ಅವರ ಹಿರಿಯ ಅಳಿಯ ಕೂತಿದ್ದ. ನನ್ನನ್ನು ಓರೆಯಾಗಿ ನೋಡುತ್ತಲೇ ಇದ್ದು, ಕೊನೆಗೆ ಕೇಳಿದ:

"ಬಳ್ಳಾರಿ ತೋಟದಾಗ ಕಪ್ಲಿ ಹೊಡೀತಿದ್ದವರು ನೀವೇನ್ರಿ? ದೇವರ ಕಲ್ಲು ನಾನ ಬಾವಿಗೆ ಹಾಕೀನಿ ಅಂತ ಸುಳ್ಳು ಹೇಳಿದವರು? ನಮ್ಮ ಮಾವ ಇದ್ದಷ್ಟು ದಿನಾ ಅದನ್ನ ಹೇಳಿ ಹೇಳಿ ನಗತಿದ್ದರ್ರಿ."

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ಸಾವಿನ ಮನೆಯಲ್ಲಿ ನಗಬಾರದೆಂದು ತುಟಿ ಬಿಗಿಹಿಡಿದಿದ್ದರೂ ನಗು ಎಲ್ಲರ ಕಣ್ಣಿನಲ್ಲಿ ಇತ್ತು. ಒಳಬಾಗಿಲ ಹತ್ತಿರ ಗೋಡೆಗೆ ಒರಗಿ ಅವರ ಹೆಂಡತಿ ಕೂತಿದ್ದರು. ಸೆರಗಿನ ಸಂದಿಯಿಂದ ನನ್ನನ್ನು ನೋಡುತ್ತಿದ್ದರು, ನಾನು ಏನು ಹೇಳುತ್ತೇನೋ ಎಂದು.

"ಹೌದ್ರಿ," ಎಂದೆ. "ನಾನ."

ಪಂಕ್ತಿಯೇ ಘೊಳ್ಳೆಂದಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು, ಯಾವುದಕ್ಕೆ ಬಂತೋ ಕೇಳಬೇಡಿ. ಒಳಬಾಗಿಲ ಕಡೆಯಿಂದ ಒಂದು ದನಿ, ಎಷ್ಟೋ ದಿನ ಮಾತಾಡದೆ ಒಡೆದಂತಿದ್ದ ದನಿ, ಬಡಿಸುವವನನ್ನು ಕೂಗಿ ಹೇಳಿತು:

"ಅವರ ಎಲಿಗೆ ಇನ್ನೊಂದು ಸೌಟು ಹುಗ್ಗಿ ಹಾಕ್ರಿ."